ಮಳೆಗಾಲಕ್ಕೆ ಬಪ್ಪ ಮಾಣಿ

ಮೊನ್ನೆ ಶುಕ್ರವಾರ ಮಗನ ಕಪಾಟು ಖಾಲಿ ಮಾಡುತ್ತಿದ್ದೆ. ಚಿಕ್ಕದಾದ ಬಟ್ಟೆಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡೋಣ ಎಂದು. ಕೆಳಗಿನ ಅರೆಯ ಹಿಂದೆ, ಕ್ರಿಕೆಟ್ ಪ್ಯಾಡಿನ ಅಡಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಹಳದಿ ರೈನ್‌ಕೋಟು ಸಿಕ್ಕಿತು. ನಾಲ್ಕೈದು ವರ್ಷದ ಮಕ್ಕಳು ಹಾಕುವಂಥದ್ದು. ಮಡಿಕೆ ಬಿಡಿಸಿದ್ದೇ ತಡ, ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಹೊರಗೆ ಮಸ್ಕತ್ತಿನ ಬಿಸಿಲಿಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ನನ್ನ ಕೈಯಲ್ಲಿ ನಮ್ಮೂರು ಉಪ್ಪುಂದದ ಆಷಾಢ... ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಈ ಕೋಟು ಇಲ್ಲಿಗೆ ಯಾವಾಗ ಬಂತು ಎಂದು ನನಗೆ ಗೊತ್ತಿರಲಿಲ್ಲ. ಅದು ಊರಲ್ಲಿ ಅಮ್ಮನ ಮನೆಯ ಹಿಂಬಾಗಿಲ ಮೊಳೆಗೆ ನೇತುಬಿದ್ದಿರಬೇಕಾದದ್ದು. ಮಗ ಯಾರಿಗೂ ಹೇಳದೆ ತನ್ನ ಚೀಲದಲ್ಲಿ ತುರುಕಿಕೊಂಡು ತಂದಿದ್ದಾನೆ. ಯಾಕೆ ತಂದ ಎಂದು ಅವನನ್ನು ಕೇಳುವ ಅಗತ್ಯ ನನಗಂತೂ ಇಲ್ಲ.

ನಮ್ಮಂಥವರಿಗೆ ಊರು ಎಂದರೆ ಮಳೆಗಾಲ ಮಾತ್ರ. ಇಲ್ಲಿನ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಬಿಸಿಲು ತಡೆಯಲಾಗದ ಜೂನ್ ಜುಲೈಯಲ್ಲಿ. ಚಳಿಗಾಲದಲ್ಲಿ ನನ್ನ ಗಂಡ ಕೆಲಸ ಮಾಡುವ ಹೋಟೆಲಿಗೆ ಪ್ರವಾಸಿಗಳ ನೂಕುನುಗ್ಗಲು, ಆಗ ಅವರಿಗೆ ರಜೆ ಕೇಳುವ ಧೈರ್ಯವೂ ಇಲ್ಲ. ಹಾಗಾಗಿ ಪ್ರತಿ ವರ್ಷ ಮಂಗಳೂರಿನಲ್ಲಿ ಇಳಿದು, ಬ್ರಹ್ಮಾವರದ ಹತ್ತಿರ ಮಗ ತಪ್ಪದೆ ವಾಂತಿ ಮಾಡಿ, ಕುಂದಾಪುರ ದಾಟುವಾಗ ಮಗಳು ಎದ್ದು ಅತ್ತು, ಸುರಿಯುವ ಮಳೆಯಲ್ಲೇ ಉಪ್ಪುಂದ ಸೇರುತ್ತಿದ್ದೆವು. "ಕಪ್ಪಿ ಕೂಗುಕೆ ಶುರು ಮಾಡ್ದ್ ಕೂಡ್ಲೆ ನೀವೂ ಬಂದ್ರಿ ಕಾಣಿ" ಎಂದು ಅತ್ತಿಗೆ ಅಂಗಳದಲ್ಲೇ ಶುರು ಮಾಡುತ್ತಿದ್ದಳು. ಮಗ ಒಮ್ಮೆ ಶಾಲೆಯಲ್ಲಿ 'ನನ್ನ ದೇಶ' ಎಂದು ಚಿತ್ರ ಬರೆದಿದ್ದ. ಹಾಳೆ ತುಂಬ ಮೇಲಿಂದ ಕೆಳಗೆ ನೀಲಿ ಗೆರೆ, ನಡುವೆ ಒಂದು ಕೊಡೆ. ಬೇರೇನೂ ಇರಲಿಲ್ಲ.

ಅಮ್ಮನ ಮನೆಯಿಂದ ಸಮುದ್ರದ ಕಡೆ ಇಳಿದರೆ ಸಿಗುವ ಮೊದಲ ಮನೆ ಅಜ್ಜಯ್ಯನದು. ನಮಗೆ ಸಂಬಂಧವೇನಲ್ಲ. ಕೆಳಮನೆ ಅಜ್ಜಯ್ಯ ಎಂದೇ ನಾವೆಲ್ಲ ಕರೆದದ್ದು. ಬೇರೆಯವರು ದೊಡ್ಡ ಬೋಟುಗಳಿಗೆ ಹೋದರೂ ಅವರು ಕೊನೆವರೆಗೆ ತಮ್ಮ ಸಣ್ಣ ದೋಣಿಯನ್ನೇ ನೆಚ್ಚಿಕೊಂಡವರು. ಹೆಂಡತಿ ತೀರಿಹೋಗಿದ್ದರು. ಮಗಳು, ಅಳಿಯ ಜೊತೆಯಲ್ಲೇ ಇದ್ದರು. ಮೊಮ್ಮಕ್ಕಳಿರಲಿಲ್ಲ. ಊರಿಗೆ ಬಂದ ದಿನವೇ ನಾನು ಅವರ ಮನೆಗೆ ಹೋಗದಿದ್ದರೆ ಮಾರನೆಯ ಬೆಳಿಗ್ಗೆ ಬೇಲಿಯಾಚೆಯಿಂದ ದೊಡ್ಡ ದನಿ ಕೇಳುತ್ತಿತ್ತು: "ಊರಿಗ್ ಬಂದವ್ಳ್ ನೀರಿಗ್ ಬರದೆ ಇರ್ತ್ಲಾ? ಬರ್ಲಿ, ಬರ್ಲಿ!"

ನಾನು ಸಣ್ಣವಳಿದ್ದಾಗ ಅವರು ನನ್ನನ್ನು ಒಂದು ಮಾಗಿಯ ಬೆಳಿಗ್ಗೆ ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದರು. ಕಡಲು ಹಾಸಿದ ಚಾಪೆಯ ಹಾಗೆ ಮಲಗಿತ್ತು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ತಿರುಗಿ ನೋಡು ಎಂದರು. ನೋಡಿದೆ. ತೆಂಗಿನ ಸಾಲು, ಅದರ ಮೇಲೆ ಅಲ್ಲಲ್ಲಿ ಬಚ್ಚಲೊಲೆಯ ಹೊಗೆ, ಆಮೇಲೆ ಗದ್ದೆ, ಗುಡ್ಡ, ಎಲ್ಲದರ ಹಿಂದೆ ನೀಲಿಯಾಗಿ ಕೊಡಚಾದ್ರಿ. ನಮ್ಮ ಮನೆ ಎಲ್ಲಿ ಎಂದು ಗೊತ್ತಾಗದೆ ನಾನು ಅಳುವುದಕ್ಕೆ ಶುರು ಮಾಡಿದೆ. ಅವರು ಸಮುದ್ರಕ್ಕೆ ಬಾಗಿದ ಒಂದು ತೆಂಗಿನ ಮರ ತೋರಿಸಿ, ಅದರ ಬುಡದಿಂದ ಬೆರಳು ಎಳೆಯುತ್ತಾ ಮನೆ ಹುಡುಕಿಕೊಟ್ಟರು. ಆಗ ಹೇಳಿದ ಮಾತು ನನಗೆ ಈಗಲೂ ಹಾಗೇ ಕೇಳುತ್ತದೆ.

"ಊರ್ ಕಾಣ್ಕಾರೆ ಕಡ್ಲಿಗ್ ಹೋಯ್ಕ್ ಮಗಾ. ಊರೊಳ್ಗೇ ಇದ್ರೆ ಊರ್ ಕಾಂತಿಲ್ಲೆ."

ನನ್ನ ಮಗನಿಗೂ ಹಾಗೆಯೇ ಕಡಲಿನ ಮೇಲಿನಿಂದ ಊರು ತೋರಿಸಬೇಕು ಎಂಬುದು ಅವರ ತಲೆಗೆ ಹೊಕ್ಕಿತು. ಪರದೇಶದಲ್ಲಿ ಹುಟ್ಟಿದ ಮಾಣಿ, ಒಂದು ಸಲವಾದರೂ ಇಡೀ ಊರನ್ನು ಒಟ್ಟಿಗೆ ಕಣ್ಣಲ್ಲಿ ತುಂಬಿಕೊಳ್ಳಲಿ ಎಂದು. ಆದರೆ ನಾವು ಬರುವ ಎರಡು ತಿಂಗಳು ಕಡಲು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಸಣ್ಣ ದೋಣಿಗಳೆಲ್ಲ ದಡದ ಮೇಲೆ ಬಂದು ತೆಂಗಿನ ಮಡಲು ಹೊದ್ದು ಮಲಗಿರುತ್ತವೆ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಟ್ಟ ಮೇಲೇ ಅವು ಮತ್ತೆ ಇಳಿಯುವುದು. ಅಷ್ಟರಲ್ಲಿ ನಮ್ಮ ಮಕ್ಕಳ ಶಾಲೆಯ ಗಂಟೆ ಬಾರಿಸಿಯಾಗಿರುತ್ತದೆ.

"ಮಳಿ ಬಿಡ್ಲಿ ಮಾಣಿ. ಮಳಿ ಬಿಟ್ ಮೇಲ್ ನಿನ್ನ ಕರ್ಕಂಡ್ ಹೋತೆ" ಎಂದರು ಅಜ್ಜಯ್ಯ.

ಅವರ ಲೆಕ್ಕದಲ್ಲಿ ಮಳೆ ಬಿಡುವುದು ಎಂದರೆ ಮಳೆಗಾಲ ಹೋಗುವುದು. ನಾಲ್ಕು ವರ್ಷದ ನನ್ನ ಮಗನಿಗೆ ಮಳೆ ಬಿಡುವುದು ಎಂದರೆ ಸೂರಿನ ನೀರು ನಿಲ್ಲುವುದು. ಅವನಿಗೆ ಬೇರೆ ಅರ್ಥ ಗೊತ್ತಾಗುವುದಾದರೂ ಹೇಗೆ? ಮರುದಿನ ಬೆಳಿಗ್ಗೆ ಒಂದು ಮಳೆ ಬಂದು ನಿಂತದ್ದೇ, ಹಳದಿ ಕೋಟಿನ ಗುಂಡಿ ಹಾಕಿಕೊಂಡು ಓಡಿದ. ನಾನು ಹಿಂದಿನಿಂದ ಓಡಿದೆ.

"ಅಜ್ಜಯ್ಯಾ, ಮಳಿ ಬಿಡ್ತ್!"

ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ ಅಜ್ಜಯ್ಯ ಒಂದು ಕ್ಷಣ ಪೆಚ್ಚಾದರು. ಆಮೇಲೆ ಬಹಳ ಗಂಭೀರವಾಗಿ ಅಂಗಳಕ್ಕಿಳಿದು, ಹಣೆಗೆ ಕೈ ಇಟ್ಟು ಆಕಾಶ ನೋಡಿ, "ಇದ್ ಬಿಟ್ಟದ್ದಲ್ಲ ಮಾಣಿ, ಉಸ್ರ್ ತೆಗ್ದದ್ದ್" ಎಂದರು. ಹೇಳಿ ಮುಗಿಸುವುದರೊಳಗೆ ಮಳೆ ಧೋ ಎಂದಿತು. ಮಗನಿಗೆ ಅಜ್ಜಯ್ಯನ ಮೇಲೆ ಅಪಾರ ನಂಬಿಕೆ ಬಂದದ್ದು ಅವತ್ತೇ.

ಅಲ್ಲಿಂದ ಇದೇ ದಿನಚರಿ. ಮಳೆ ನಿಂತಾಗಲೆಲ್ಲ ಹಳದಿ ಕೋಟು ಇಳಿಜಾರಿನಲ್ಲಿ ಉರುಳುತ್ತಾ ಹೋಗುತ್ತಿತ್ತು. ಅಜ್ಜಯ್ಯ ಪ್ರತಿ ಸಲ ಅಂಗಳಕ್ಕಿಳಿದು ಆಕಾಶ ನೋಡುತ್ತಿದ್ದರು, ಒಂದು ದಿನವೂ ಕೂತಲ್ಲಿಂದಲೇ ಇಲ್ಲ ಎನ್ನಲಿಲ್ಲ. ಆಮೇಲೆ ಇಬ್ಬರೂ ಅಂಗಳದ ಬದಿಯ ಚಪ್ಪರದಡಿ ಎಳೆದಿಟ್ಟ ದೋಣಿ ಹತ್ತಿ ಕೂರುತ್ತಿದ್ದರು. ಮಗ ತೆಂಗಿನ ಹೆಡೆಯಲ್ಲಿ ಹುಟ್ಟು ಹಾಕುತ್ತಿದ್ದ. ಅಜ್ಜಯ್ಯ ಮುಂದೆ ಕೂತು "ಹ್ವಾಯ್, ಬಂಡೆ ಬಂತ್, ಬಲಕ್ಕ್ ತೆಗಿ!" ಎಂದು ಕೂಗುತ್ತಿದ್ದರು. ಎದುರಿಗಿದ್ದದ್ದು ದನದ ಹಟ್ಟಿಯ ಗೋಡೆ. ಅದನ್ನೇ ತೋರಿಸಿ ಕೊಡಚಾದ್ರಿ ಕಾಣುತ್ತದಾ ಎಂದು ಕೇಳುತ್ತಿದ್ದರು. ಕಾಣುತ್ತದೆ ಎನ್ನುತ್ತಿದ್ದ ನನ್ನ ಮಗ. ನಾನು ನಗುತ್ತಾ ನಿಂತಿರುತ್ತಿದ್ದೆ. ಈಗ ನೆನೆದರೆ ನಗು ಬರುವುದಿಲ್ಲ.

ಹೊರಡುವ ದಿನ ಮಗ ಕಾರಿನಿಂದ ಕೈಬೀಸಿ "ಹೋತೆ ಅಜ್ಜಯ್ಯ" ಎಂದ. ಅಜ್ಜಯ್ಯ ಸುರಿಯುವ ಮಳೆಯಲ್ಲೇ ಕಿಟಕಿಯ ಹತ್ತಿರ ಬಂದರು. "ಹೋತೆ ಅಂದ್ ಹೇಳುಕಾಗ ಮಾಣಿ. ಬತ್ತೆ ಅನ್ಕ್." ಮಗ ತಿದ್ದಿಕೊಂಡು "ಬತ್ತೆ" ಎಂದ. ಆಮೇಲೆ ಅಜ್ಜಯ್ಯ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು, "ಒಂದ್ ಸಲ ಮಳಿ ಬಿಟ್ ಮೇಲ್ ಬಾ ಮಗಾ. ಮಾಣಿ ಊರೇ ಕಾಣ್ಲಿಲ್ಲ."

ಮುಂದಿನ ವರ್ಷವೂ ಮಳೆಯಲ್ಲೇ ಹೋದೆವು. ಅದರ ಮುಂದಿನ ವರ್ಷವೂ. ಕೋಟು ಮಗನಿಗೆ ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ ಬಂತು. ಹೊಸದು ತರುತ್ತೇನೆ ಎಂದರೆ ಬೇಡ ಎಂದು ಹಟ ಹಿಡಿದ. ಮಳೆ ಬಿಡುವುದಕ್ಕೂ ಮಳೆಗಾಲ ಬಿಡುವುದಕ್ಕೂ ಇರುವ ವ್ಯತ್ಯಾಸ ಅವನಿಗೆ ಯಾವಾಗಲೋ ತಿಳಿದಿತ್ತು. ಆದರೂ ಓಡುವುದನ್ನು ಬಿಡಲಿಲ್ಲ. ಅಜ್ಜಯ್ಯನಿಗೂ ಅವನಿಗೆ ತಿಳಿದಿದೆ ಎಂದು ತಿಳಿದಿತ್ತು. ಅವರೂ ಆಕಾಶ ನೋಡುವುದನ್ನು ಬಿಡಲಿಲ್ಲ.

ಒಂದು ನವೆಂಬರಿನಲ್ಲಿ ಅಣ್ಣ ವಿಡಿಯೋ ಕಾಲ್ ಮಾಡಿದಾಗ ಅಜ್ಜಯ್ಯ ಅವನ ಕೈಯಿಂದ ಫೋನ್ ಕಿತ್ತುಕೊಂಡು ಆಕಾಶಕ್ಕೆ ಹಿಡಿದರು. ಪರದೆ ತುಂಬ ನೀಲಿ. "ಬಿಡ್ತ್ ಮಾಣಿ, ಈಗ ಬಿಡ್ತ್! ಬಾ!" ಎಂಬ ದನಿ ಮಾತ್ರ. ಮಗ ಯೂನಿಫಾರ್ಮಿನಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡು, ಶಾಲೆಯ ಬಸ್ಸಿಗೆ ಇಳಿಯುವುದರಲ್ಲಿದ್ದ. ಲಿಫ್ಟಿನಲ್ಲಿ ಅತ್ತ. ನನಗೆ ಆ ದಿನ ಈ ದೇಶ, ಈ ಸಂಬಳ, ಈ ಎಂಟನೆಯ ಮಹಡಿ ಯಾವುದೂ ಬೇಡ ಅನ್ನಿಸಿತ್ತು. ಸಂಜೆ ಹೊತ್ತಿಗೆ ಎಲ್ಲ ಮಾಮೂಲಿ ಆಯಿತು. ಆಗಲೇಬೇಕಲ್ಲ...

ಅಣ್ಣನ ಮಗಳ ಮದುವೆ ಡಿಸೆಂಬರಿನಲ್ಲಿ ಗೊತ್ತಾದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವನು ನನ್ನ ಮಗ. ಗಂಡನಿಗೆ ರಜೆ ಸಿಗಲಿಲ್ಲ, ಮಕ್ಕಳಿಬ್ಬರನ್ನು ಕಟ್ಟಿಕೊಂಡು ನಾನೊಬ್ಬಳೇ ಹೊರಟೆ. ಅಜ್ಜಯ್ಯನಿಗೆ ಮರೆವು ಹತ್ತಿದೆ, ಮನುಷ್ಯರ ಗುರುತು ಹತ್ತುವುದಿಲ್ಲ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ನಾನು ಮಗನಿಗೆ ಹೇಳಿದ್ದೆ. ಅವನು ಕೇಳಿಸಿಕೊಂಡಿದ್ದ, ಆದರೆ ನಂಬಿರಲಿಲ್ಲ. ನಾನೂ ಪೂರ್ತಿ ನಂಬಿರಲಿಲ್ಲ.

ಆ ಸಲ ಅವನು ಬ್ರಹ್ಮಾವರದಲ್ಲಿ ವಾಂತಿ ಮಾಡಲಿಲ್ಲ. ಕಿಟಕಿಗೆ ಅಂಟಿಕೊಂಡು, ಹೊಳೆಗಳು ಇಷ್ಟು ತಿಳಿಯಾಗಿರುತ್ತವೆಯೇ ಎಂದು ಕೇಳುತ್ತಾ ಬಂದ. ಕಾರು ನಿಂತ ಕೂಡಲೇ ಕೆಳಮನೆಗೆ ಓಡಿದ. ಒಣಗಿದ ಇಳಿಜಾರು, ಎಲ್ಲೆಲ್ಲೂ ಬಿಸಿಲು, ಕೆಳಗೆ ಕಡಲು ಅದೇ ಹಾಸಿದ ಚಾಪೆ.

ಅಜ್ಜಯ್ಯ ಜಗಲಿಯ ಕುರ್ಚಿಯಲ್ಲಿದ್ದರು. ಮುದುಡಿ ಅರ್ಧವಾಗಿದ್ದರು. ಮಗ ಎದುರು ನಿಂತು, ತೊಡೆಯ ಮೇಲಿದ್ದ ಕೈ ಹಿಡಿದುಕೊಂಡು, "ಅಜ್ಜಯ್ಯ, ಮಳಿ ಬಿಡ್ತ್" ಎಂದ.

"ಯಾರ್ ಮಗಾ ನೀನ್?"

"ನಾನ್ ಅಜ್ಜಯ್ಯ... ಮಸ್ಕತ್ ಮಾಣಿ."

ಅಜ್ಜಯ್ಯ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಟೀ ಶರ್ಟು, ಕಪ್ಪು ಕನ್ನಡಕ, ಬೆಳೆದ ಕಾಲು. ತಪ್ಪು ಮನೆಗೆ ಬಂದ ಮಗುವಿಗೆ ದಾರಿ ಹೇಳುವಷ್ಟು ಮೃದುವಾಗಿ ಹೇಳಿದರು: "ಮಸ್ಕತ್ ಮಾಣಿ ಈಗ ಬತ್ತಿಲ್ಲೆ ಮಗಾ. ಅವ ಮಳಿಗಾಲಕ್ ಬಪ್ಪುದ್."

ಅವರ ಮಗಳು ಸೆರಗಿನಲ್ಲಿ ಕಣ್ಣೊರಸಿಕೊಂಡಳು. ನಾನು ಮಗನ ಹೆಗಲು ಹಿಡಿಯಲು ಹೋದೆ. ಅವನು ಕೊಸರಿಕೊಂಡು ಮೇಲೆ ಅಮ್ಮನ ಮನೆ ಕಡೆ ಓಡಿದ. ಅಳುವುದಕ್ಕೆ ಹೋದ ಎಂದುಕೊಂಡೆ. ಅಷ್ಟರಲ್ಲೇ ತಿರುಗಿ ಬಂದ. ಆ ಸುಡುಬಿಸಿಲಿನಲ್ಲಿ ಹಳದಿ ಕೋಟು ಹಾಕಿಕೊಂಡಿದ್ದ. ತೋಳು ಮೊಣಕೈಗೇ ಮುಗಿದಿತ್ತು, ಗುಂಡಿ ಒಂದೂ ಕೂಡುತ್ತಿರಲಿಲ್ಲ, ಬೆನ್ನ ಮೇಲೆ ಟೋಪಿ ಕುಪ್ಪಳಿಸುತ್ತಿತ್ತು.

ಅಜ್ಜಯ್ಯನ ಮುಖ ಅರಳಿತು. ಅದನ್ನು ನಾನು ಮರೆಯುವ ಹಾಗಿಲ್ಲ. "ಬಂದ್ಯಾ ಮಾಣಿ! ಬಾ, ಬಾ. ನೆನಿಬೇಡ, ಮೇಲ್ ಬಾ."

ಮಗ ಹತ್ತಿರ ಹೋಗಿ ಮತ್ತೆ ಹೇಳಿದ, "ಅಜ್ಜಯ್ಯ, ಮಳಿ ಬಿಡ್ತ್. ಹೋಪನಾ?"

ಅಜ್ಜಯ್ಯ ಎದ್ದು ಅಂಗಳಕ್ಕಿಳಿಯಲಿಲ್ಲ. ಆಕಾಶ ನೋಡಲಿಲ್ಲ. ಕೋಟಿನ ಅಂಚನ್ನು ಬೆರಳಿನಲ್ಲಿ ಸವರಿ ನೋಡಿ ನಕ್ಕರು. "ಎಲ್ಲಿ ಬಿಡ್ತ್? ಕೋಟ್ ಹಾಯ್ಕಂಡ್ ಬಂದಿದ್ಯಲೆ. ಬಿಡ್ಲಿ ಮಾಣಿ. ಬಿಟ್ ಮೇಲ್ ಹೋಪ."

ಕೋಟು ತೆಗೆದರೆ ಅವನು ಯಾರೋ ಬೇರೆ ಹುಡುಗ. ಹಾಕಿಕೊಂಡರೆ ಹೊರಗೆ ಮಳೆ. ಮಗನಿಗೆ ಅದು ಅರ್ಥವಾದದ್ದು ಅವನ ಮುಖದಲ್ಲೇ ಕಂಡಿತು. ಬೆವರು ಇಳಿಯುತ್ತಿತ್ತು. ಆಮೇಲೆ ಕೋಟು ತೆಗೆಯದೆ ಅವರ ಕಾಲ ಬಳಿ ಕೂತು, "ಹೌದ್ ಅಜ್ಜಯ್ಯ, ಬಿಡ್ಲಿ" ಎಂದ.

ಮದುವೆ ಮುಗಿಸಿ ಹೊರಡುವವರೆಗೂ ಅವನು ಕೆಳಮನೆಗೆ ಹೋದದ್ದು ಆ ಕೋಟಿನಲ್ಲೇ. ಮದುವೆಗೆ ಬಂದ ನೆಂಟರು ನಕ್ಕರು, ಹೆಣ್ಣಿನ ಕಡೆಯ ಹುಡುಗನಿಗೆ ಬಿಸಿಲಿಗೆ ತಲೆ ಕೆಟ್ಟಿದೆಯಾ ಎಂದು ಯಾರೋ ಕೇಳಿದರು. ಅಜ್ಜಯ್ಯನ ಅಳಿಯ ಪಾಪ ಒಳ್ಳೆಯ ಮನುಷ್ಯ. ದೋಣಿ ಇಳಿಸಿ, ಬಾ ಮಾರಾಯ, ನಾನೇ ಒಂದು ಸುತ್ತು ಕರೆದುಕೊಂಡು ಹೋಗುತ್ತೇನೆ ಎಂದು ಕರೆದರು. ಅಲೆಯೇ ಇರಲಿಲ್ಲ. ದಡದಲ್ಲಿ ನಿಂತೇ ದೂರದ ದೋಣಿಗಳನ್ನು ಎಣಿಸಬಹುದಿತ್ತು. ನಾನೂ ಹೋಗು ಎಂದೆ.

ಮಗ ಕಡಲನ್ನು ನೋಡಿದ, ದೋಣಿಯನ್ನು ನೋಡಿದ.

"ಮಳಿ ಇನ್ನೂ ಬಿಡ್ಲಿಲ್ಲ ಮಾವ" ಎಂದು ಹೇಳಿ ಮನೆ ಕಡೆ ತಿರುಗಿದ.

ನಾವು ಮಸ್ಕತ್ತಿಗೆ ಮರಳಿದ ಮೇಲೆ, ಊರಲ್ಲಿ ಮೊದಲ ಮಳೆ ಬೀಳುವ ಮುಂಚೆಯೇ ಅಜ್ಜಯ್ಯ ಹೋದರು. ಕೊನೆಯ ದಿನಗಳಲ್ಲಿ ಮಾಣಿ ಬರುವ ಹೊತ್ತಾಯಿತು, ಚಪ್ಪರಕ್ಕೆ ಮಡಲು ಹೊದಿಸಿ ಎನ್ನುತ್ತಿದ್ದರಂತೆ. ಮಗನಿಗೆ ನಾನೇ ಸುದ್ದಿ ಹೇಳಿದೆ.

ಕೋಟನ್ನು ಬಾಲ್ಕನಿಯಲ್ಲಿ ಒಂದು ಗಂಟೆ ಹರವಿದರೆ ಮುಗ್ಗಲು ವಾಸನೆ ಹೋಗಿಬಿಡುತ್ತಿತ್ತು. ಇಲ್ಲಿನ ಬಿಸಿಲು ಅಂಥದ್ದು. ಹರವಲಿಲ್ಲ. ಅದೇ ಮಡಿಕೆಯಲ್ಲಿ ಮಡಚಿ, ಅದೇ ಚೀಲದಲ್ಲಿ ಸುತ್ತಿ, ಪ್ಯಾಡಿನ ಅಡಿಯಲ್ಲಿ ಇದ್ದ ಹಾಗೆಯೇ ಇಟ್ಟೆ. ಬರುವ ತಿಂಗಳು ನಾವು ಊರಿಗೆ ಹೋಗಬೇಕು, ಟಿಕೆಟ್ ಆಗಿದೆ. ಮಳೆ ಸುರಿಯುತ್ತಿರುತ್ತದೆ, ನಡುನಡುವೆ ಉಸಿರು ತೆಗೆಯುತ್ತದೆ. ಆಗ ಅಂಗಳಕ್ಕಿಳಿದು ಆಕಾಶ ನೋಡುವವರು ಆ ಮನೆಯಲ್ಲಿ ಇಲ್ಲ. ನನ್ನ ಮಗ ಇನ್ನೂ ಊರು ಕಂಡಿಲ್ಲ.