ಗೋಡೆಯ ಮೇಲಿನ ಹೊಲಿಗೆ ಯಂತ್ರ

ನಮ್ಮ ದೊಡ್ಡಪ್ಪ ಲೋಕಸಭೆಗೆ ಮೂರು ಸಲ ನಿಂತು ಮೂರು ಸಲವೂ ಠೇವಣಿ ಕಳೆದುಕೊಂಡರು. ಕೆ.ಆರ್. ಪುರದ ಪಕ್ಕದ ನಮ್ಮೂರಿನ ರಾಗಿ ಹೊಲಗಳು ಸೈಟುಗಳಾಗುತ್ತಿದ್ದ ಕಾಲವದು. ಯಾವ ಪಕ್ಷವೂ ಟಿಕೆಟ್ ಕೊಡುವಂತಿರಲಿಲ್ಲ, ಪಕ್ಷೇತರರಾಗಿಯೇ ನಿಂತರು.

ಮೊದಲ ಸಲ ಸಿಕ್ಕ ಚಿಹ್ನೆ ಹೊಲಿಗೆ ಯಂತ್ರ. ಅದನ್ನು ಕಾಂಪೌಂಡ್ ಗೋಡೆಯ ತುಂಬ ನೀಲಿಯಲ್ಲಿ ಬರೆಸಿದರು. ಸೋತ ಮೇಲೂ ಅಳಿಸಲು ಬಿಡಲಿಲ್ಲ. ಯುಗಾದಿಗೆ ಮನೆಗೆಲ್ಲ ಸುಣ್ಣ, ಆ ಗೋಡೆಗೆ ಮಾತ್ರ ಹೊಸ ನೀಲಿ. ರವಿಕೆ ಬಟ್ಟೆ ಹಿಡಿದು ಬಾಗಿಲು ತಟ್ಟಿದ ಹೆಂಗಸರೂ ಇದ್ದರು.

ಎರಡನೇ ಸಲವೂ ಅದನ್ನೇ ಕೇಳಿದರು, ಸಿಕ್ಕಿದ್ದು ತಕ್ಕಡಿ. ಓಟು ಇನ್ನೂ ಕಡಿಮೆಯಾಯಿತು. ಮತಪತ್ರಗಳನ್ನೆಲ್ಲ ಬೆರೆಸಿ ಎಣಿಸುತ್ತಿದ್ದುದರಿಂದ ಯಾವ ಊರು ಯಾರಿಗೆ ಹಾಕಿತೋ ಗೊತ್ತಾಗುತ್ತಿರಲಿಲ್ಲ. "ನಮ್ಮೂರೋರೆಲ್ಲ ನಂಗೇ ಹಾಕವ್ರೆ, ಕೈ ಕೊಟ್ಟಿದ್ದು ಕಂಟೋನ್ಮೆಂಟೋರು" ಎಂದು ದೊಡ್ಡಪ್ಪ ನೆಮ್ಮದಿಯಾಗಿದ್ದರು.

ಮೂರನೇ ಸಲ ಟೇಬಲ್ ಫ್ಯಾನ್ ಸಿಕ್ಕಿತು, ಜೊತೆಗೆ ಓಟಿನ ಮಷೀನೂ ಬಂತು. ಇನ್ನು ಬೂತು ಬೂತಿನ ಲೆಕ್ಕವೂ ಹೊರಬೀಳುತ್ತಿತ್ತು. "ದೆಹಲಿ ಹಾಳಾಗ್ಲಿ, ನಮ್ಮ ಬೂತಲ್ಲಿ ಗೆದ್ರೆ ಸಾಕು. ಊರೇ ಕೈ ಬಿಟ್ರೆ ತಲೆಯೆತ್ತಿ ಹೆಂಗೆ ಓಡಾಡ್ಲಿ?" ಎಂದರು.

ಎಣಿಕೆಯ ಏಜೆಂಟಾಗಿದ್ದ ನಮ್ಮಪ್ಪ ಸಂಜೆ ಮುಖ ಒಣಗಿಸಿಕೊಂಡು ಬಂದರು. ನಮ್ಮ ಬೂತಿನಲ್ಲಿ ಫ್ಯಾನಿಗೆ ಬಿದ್ದದ್ದು ಬೆರಳೆಣಿಕೆಯ ಓಟು. ಹೊಲಿಗೆ ಯಂತ್ರಕ್ಕೆ ರಾಶಿ ರಾಶಿ! ಆ ಚಿಹ್ನೆ ಈ ಸಲ ಲಿಂಗರಾಜಪುರದ ಯಾರೋ ಪಕ್ಷೇತರನ ಪಾಲಾಗಿತ್ತು. ಆತ ನಮ್ಮೂರಿನ ಮುಖವನ್ನೇ ನೋಡಿದವನಲ್ಲ.

ದೊಡ್ಡಪ್ಪ ದೊಡ್ಡಮ್ಮನ ಕಡೆ ತಿರುಗಿದರು. "ನೀನು ಯಾವುದಕ್ಕೆ ಒತ್ತಿದೆ?"

"ನಮ್ದಕ್ಕೇ. ಗೋಡೆ ಮೇಲಿರೋದಕ್ಕೆ."

"ಫ್ಯಾನು ಅಂತ ಊರೆಲ್ಲ ಚೀಟಿ ಹಂಚಿದ್ನಲ್ಲೇ!"

"ಚೀಟಿ ಮೊನ್ನೆ ಬಂತು. ಗೋಡೆ ದಿನಾ ನೋಡ್ತೀನಿ."

ನನಗೆ ನಗು ತಡೆಯಲಾಗಲಿಲ್ಲ, ಬೈಸಿಕೊಂಡೆ. ದೊಡ್ಡಪ್ಪ ರಾತ್ರಿ ಊಟ ಮಾಡಲಿಲ್ಲ. ಅವರು ಹಾಗೆ ಕುಗ್ಗಿದ್ದನ್ನು ಕಂಡು, ನಾನು ನಕ್ಕಿದ್ದಕ್ಕೆ ಸಂಕಟವಾಯಿತು.

ಆ ಭಾನುವಾರ ಲಿಂಗರಾಜಪುರದ ಆ ಅಭ್ಯರ್ಥಿ ಆಟೋದಲ್ಲಿ ಬಂದಿಳಿದ. ಗೋಡೆ ನೋಡಿ ಚಪ್ಪಲಿ ಬಿಟ್ಟು ಕೈಮುಗಿದ.

"ಸಾರ್, ಬೇರೆ ಎಲ್ಲೂ ನಂಗೆ ಓಟು ಬಿದ್ದಿಲ್ಲ. ಪರಿಚಯ ಇಲ್ದೇ ಇರೋನಿಗೆ ಇಷ್ಟು ಚೆನ್ನಾಗಿ ಗೋಡೆ ಬರೆಸಿದ್ದೀರಲ್ಲ! ಊರೋರು ನಿಮ್ಮ ಮಾತಿಗೆ ಎಷ್ಟು ಬೆಲೆ ಕೊಡ್ತಾರೆ ಸಾರ್!"

ನಾನು ಬಾಯಿ ತೆರೆದೆ. ದೊಡ್ಡಪ್ಪ ಕಣ್ಣಲ್ಲೇ ತಡೆದರು. ಅಷ್ಟು ದಿನಗಳ ಮೇಲೆ ಅವರ ಮುಖ ಅರಳಿತ್ತು.

"ಇನ್ನೊಂದ್ಸಲ ಹೇಳಿ," ಎಂದರು, "ನಮ್ಮನೆಯವ್ಳೂ ಕೇಳ್ಲಿ." ದೊಡ್ಡಮ್ಮನನ್ನು ಕೂಗಿ ಕರೆದರು.