ಗಡಿಯಮ್ಮನನ್ನು ಎಬ್ಬಿಸಿದ ಮನೆ

ಕೊಟ್ಟೂರಿನ ಅನ್ನದಾನಮ್ಮನಿಗೆ ನೀರೆಂದರೆ ಭಯ. ಹೊಸಪೇಟೆಗೆ ಬಸ್ಸಿನಲ್ಲಿ ಹೊರಟರೆ ಡ್ಯಾಮಿನ ನೀರು ಕಾಣುವ ಕಿಟಕಿಯ ಪಕ್ಕ ಕೂರುತ್ತಿರಲಿಲ್ಲ. ಹಂಪಿಯಲ್ಲಿ ಉಳಿದ ಹೆಂಗಸರೆಲ್ಲ ಹೊಳೆಗಿಳಿದು ಮುಳುಗು ಹಾಕಿದರೆ, ಈಕೆ ದಡದಲ್ಲೇ ಕೂತು ತಲೆಗೆ ಒಂದು ಚೆಂಬು ಸುರಿದುಕೊಂಡು, ನನಗೆ ಇಷ್ಟು ಪುಣ್ಯ ಸಾಕು ಎನ್ನುತ್ತಿದ್ದಳು. ಇಂಥವಳ ಗಂಡನಿಗೆ ಹಿನ್ನೀರಿನ ದಂಡೆಯಲ್ಲಿ ಮನೆ ಕಟ್ಟುವ ಹುಚ್ಚು ಹಿಡಿಯಿತೆಂದರೆ ದೇವರಿಗೂ ಚೇಷ್ಟೆ ಬುದ್ಧಿ ಇದೆ ಎನ್ನಬೇಕು.

ಗಂಡ ಶಿವಯೋಗಪ್ಪನವರದು ಶೇಂಗಾ ದಲಾಲಿ ಅಂಗಡಿ. ಅರವತ್ತು ದಾಟಿದ ಮೇಲೆ ಅಂಗಡಿಯನ್ನು ಮಗ ಅರುಣಕುಮಾರನಿಗೆ ಬಿಟ್ಟರು. ಆಯುಷ್ಯವೆಲ್ಲ ಶೇಂಗಾ ಧೂಳು ಕುಡಿದ ಎದೆಗೆ ಇನ್ನಾದರೂ ತಂಪು ಗಾಳಿ ಬೇಕು ಎಂಬುದು ಅವರ ವಾದ. 2003ರ ಬೇಸಿಗೆಯಲ್ಲಿ ತಂಬ್ರಹಳ್ಳಿ ಹತ್ತಿರ, ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿ, ಓಬಣ್ಣನೆಂಬ ರೈತನಿಂದ ಒಂದು ತುಂಡು ಹೊಲವನ್ನು ಕೊಂಡೇಬಿಟ್ಟರು. ಮೇಲಿನ ಮಳೆ ಕೈಕೊಟ್ಟು ಡ್ಯಾಮು ತುಂಬದೆ ವರ್ಷಗಳಾಗಿದ್ದವು. ನೀರು ಎಲ್ಲೋ ದೂರದಲ್ಲಿ ಮಿಂಚುವ ಒಂದು ಗೆರೆ, ಅಷ್ಟೆ. ನಡುವಿನ ಒಣ ಅಂಗಳದಲ್ಲಿ ಜನ ಕಲ್ಲಂಗಡಿ ಬೆಳೆದಿದ್ದರು.

ಹೆಂಡತಿ ಆಗ ಕೇಳಿದ್ದು ಒಂದೇ ಮಾತು.

"ಹೊಲ ಗಡಿಯಮ್ಮನಿಂದ ಮ್ಯಾಲೈತೋ, ಕೆಳಗೈತೋ?"

"ಮ್ಯಾಲೈತಿ. ರಸ್ತಿಯಿಂದ ಗಡಿಯಮ್ಮನ ತನಕ ನಮ್ದು," ಎಂದರು ಶಿವಯೋಗಪ್ಪ. ಆಕೆಗೆ ಅರ್ಧ ಜೀವ ಬಂದಂತಾಯಿತು.

ಗಡಿಯಮ್ಮ ಎಂದರೆ ಮೊಣಕಾಲೆತ್ತರದ ಒಂದು ಕಲ್ಲು. ಮೈತುಂಬ ಅರಿಶಿನ ಕುಂಕುಮ. ಎಷ್ಟೇ ನೀರು ಬರಲಿ, ಆ ತಾಯಿಯನ್ನು ದಾಟುವುದಿಲ್ಲ ಎಂದು ದಂಡೆಯ ಊರವರ ನಂಬಿಕೆ. ಡ್ಯಾಮು ತುಂಬಿದ ವರ್ಷ ಹೆಂಗಸರು ಬಂದು ಅವಳಿಗೆ ಉಡಿ ತುಂಬಿ, ನೀರಿನ ಕಡೆ ತಿರುಗಿ "ಇಲ್ಲಿಗೆ ಸಾಕು ತಾಯಿ" ಎಂದು ಕೈಮುಗಿದು ಹೋಗುತ್ತಾರೆ.

ಈ ತಾಯಿಯ ಹುಟ್ಟನ್ನು ಅನ್ನದಾನಮ್ಮ ಕಣ್ಣಾರೆ ಕಂಡಿದ್ದಳು. ಅವಳು ಲಂಗ ತೊಟ್ಟ ಹುಡುಗಿಯಾಗಿದ್ದಾಗ ಡ್ಯಾಮಿನ ಕಡೆಯ ಸಾಹೇಬರು ಡೇರೆ ಹಾಕಿ, ಕೆಂಪು ಬಾವುಟ ಹಿಡಿದು ಅಳೆದು, ನೀರು ಇಲ್ಲಿಯವರೆಗೆ ಬರುತ್ತದೆ ಎಂದು ಆ ಕಲ್ಲು ನೆಟ್ಟರು. ಅವಳ ಊರು ಕಲ್ಲಿನಿಂದ ಕೆಳಗೆ, ನೀರು ಬರುವ ಕಡೆಗಿತ್ತು. ಅಪ್ಪ ಕಲ್ಲನ್ನು ಒಂದು ಗಳಿಗೆ ನೋಡಿದ, ಮನೆಗೆ ಬಂದು ಬಾಗಿಲು ತೊಲೆಗಳನ್ನು ಕಿತ್ತು ಬಂಡಿಗೆ ಹೇರಿದ. ಅಜ್ಜಿ ಮಾತ್ರ ಹೋಗುವಾಗ ಕಲ್ಲಿಗೆ ಕುಂಕುಮ ಹಚ್ಚಿ, ಇದನ್ನು ದಾಟಿ ಬಂದು ಇನ್ನೊಬ್ಬರ ಮನೆ ತಿನ್ನಬೇಡ ಎಂದು ನೀರಿಗೆ ಬೇಡಿಕೊಂಡಳು. ಮುಂದೆ ಕುಂಕುಮ ಉಳಿಯಿತು, ಸಾಹೇಬರು ಮರೆತುಹೋದರು. ಅನ್ನದಾನಮ್ಮ ಇದನ್ನು ಗಂಡನಿಗೆ ಎಷ್ಟೋ ಸಲ ಹೇಳಲು ಹೋಗಿದ್ದಳು. ಅವರು ಶೇಂಗಾ ತೂಕದ ಮಾತಿನ ನಡುವೆ ಹೂಂ ಎಂದಿದ್ದರು.

ಮನೆ ಕಟ್ಟಿ ನೋಡು ಎಂದಿದ್ದಾರಲ್ಲ ಹಿರಿಯರು, ಶಿವಯೋಗಪ್ಪ ಕಟ್ಟಿಯೇ ನೋಡಿದರು. ಆ ತಿಂಗಳುಗಳಲ್ಲಿ ಮಗಳು ಅಮೃತಾಳ ಬಾಣಂತನ ಕೊಟ್ಟೂರಿನ ಮನೆಯಲ್ಲಿತ್ತು, ಅನ್ನದಾನಮ್ಮನಿಗೆ ಕಟ್ಟಡದ ಕಡೆ ತಲೆ ಹಾಕಲಾಗಲಿಲ್ಲ. ಇತ್ತ ಶಿವಯೋಗಪ್ಪನವರಿಗೆ ನೀರಿನತ್ತ ಮುಖ ಮಾಡಿದ ಉದ್ದನೆಯ ಪಡಸಾಲೆ ಬೇಕೆನಿಸಿತು. ಆರಾಮ ಕುರ್ಚಿಯನ್ನು ನೀರಿನ ತನಕ ಎಳೆದುಕೊಂಡು ಹೋಗುವಂತಿರಲಿ ಎಂದು, ಅದರ ಪಾಯ ಎತ್ತರಿಸದೆ ಇಳಿಜಾರಿನ ಜೊತೆಗೇ ಕಡಪ ಕಲ್ಲು ಹಾಸಿಸಲು ಹೊರಟರು. ಅಳತೆಗೆ ದಾರ ಹಿಡಿದರೆ ಪಡಸಾಲೆ ತಮ್ಮ ಗಡಿ ದಾಟಿ, ಗಡಿಯಮ್ಮ ಅದರ ನಟ್ಟನಡುವೆ ಬಂದಳು. ದೇವರನ್ನು ತುಳಿದಾಡುವ ಜಾಗದಲ್ಲಿ ಇಡಬಾರದು. ಐನೋರನ್ನು ಕರೆಸಿ, ಕಾಯಿ ಒಡೆಸಿ, ಬಲು ಭಕ್ತಿಯಿಂದ ಕಲ್ಲನ್ನು ಕೀಳಿಸಿ, ಇನ್ನೂ ಕೆಳಗೆ, ಮನೆಯ ಮುಂದೆ, ಚಂದದ ಕಟ್ಟೆ ಕಟ್ಟಿಸಿ ಕೂರಿಸಿದರು. ನೀರು ತಾಯಿಯನ್ನು ದಾಟುವುದಿಲ್ಲ. ತಾಯಿಯೇ ಮನೆ ಮುಂದೆ ಕೂತ ಮೇಲೆ ಇನ್ನೇನು ಭಯ? ಇಷ್ಟು ಸೊಗಸಾದ ಲೆಕ್ಕವನ್ನು ದಲಾಲಿಯೊಬ್ಬನೇ ಹಾಕಬಲ್ಲ.

ಗೃಹಪ್ರವೇಶದ ದಿನ ಅನ್ನದಾನಮ್ಮ ಬಂದವಳೇ ಕಟ್ಟೆ ನೋಡಿ ನಿಂತುಬಿಟ್ಟಳು. ಕಲ್ಲು ಮೊದಲು ಎಲ್ಲಿತ್ತೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಪಡಸಾಲೆಯಲ್ಲಿ ನಡೆಯುವಾಗ ಒಂದು ಹಾಸುಗಲ್ಲು ಕಾಲಡಿಗೆ ಅಲುಗಾಡಿತು. ಕೆಳಗಿನ ಗುಂಡಿಗೆ ತುಂಬಿದ ಮಣ್ಣು ಕುಸಿದಿತ್ತು.

"ಇಲ್ಲಿತ್ತಲ್ಲ?" ಎಂದಳು.

"ಎಲ್ಲಿ ಕುಂದ್ರಿಸಿದರೂ ತಾಯಿ ತಾಯಿನ. ನೀರು ನೋಡು, ಎಷ್ಟು ದೂರ ಐತಿ," ಎಂದರು ಶಿವಯೋಗಪ್ಪ.

ಬಂದವರೆಲ್ಲ ಹೋಳಿಗೆ ಉಂಡು, ಎಂಥ ಗಾಳಿ, ಎಂಥ ಜಾಗ ಎಂದು ಹೊಗಳುತ್ತಿದ್ದರು. ಆ ಗದ್ದಲದಲ್ಲಿ ಆಕೆಯ ಮಾತು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವಳಿಗೂ ಗಂಡನ ಮಾತು ನಿಜವಿರಲಿ ಎಂಬ ಆಸೆ. ಅರಿಶಿನ ಕುಂಕುಮದ ತಾಯಿಯನ್ನು ನಂಬಲೋ, ಬಾವುಟ ಹಿಡಿದ ಸಾಹೇಬರನ್ನು ನಂಬಲೋ ತಿಳಿಯದೆ ಎರಡೂ ಕಡೆಗೆ ಕೈಮುಗಿದಳು.

ಆ ವರ್ಷ, 2005ರಲ್ಲಿ, ಮಲೆನಾಡಿನಲ್ಲಿ ಮಳೆ ಹುಯ್ದೇ ಹುಯ್ದಿತು. ತಂಬ್ರಹಳ್ಳಿಯಲ್ಲಿ ಬರೀ ಗಾಳಿ, ಬಿಳಿ ಮೋಡ. ಒಂದು ಹನಿ ಬೀಳದ ಜಾಗದಲ್ಲಿ ನೀರು ಸದ್ದಿಲ್ಲದೆ ಏರುವುದನ್ನು ನೋಡುವುದಿದೆಯಲ್ಲ, ಅದರ ಭಯವೇ ಬೇರೆ. ಶ್ರಾವಣ ಕಳೆಯುವ ತನಕ ಇಲ್ಲೇ ಇರೋಣವೆಂದು ಗಂಡ ಹಟ ಹಿಡಿದಿದ್ದರು. ಕೊಟ್ಟೂರಿಗೆ ಹೋಗೋಣವೆಂದರೆ ನೀನು ಬೇಕಾದರೆ ಹೋಗು ಎನ್ನುವರು. ನೀರಿನ ಮುಂದೆ ಮುದುಕನನ್ನು ಒಬ್ಬನೇ ಬಿಟ್ಟು ಹೋಗುವುದು ಹೇಗೆ? ಆಕೆ ಉಳಿದಳು. ಕಲ್ಲಂಗಡಿಯ ಹೊಲ ಮುಳುಗಿತು. ಜಾಲಿ ಗಿಡಗಳು ಮುಳುಗಿದವು. ಗಂಡ ಕುರ್ಚಿಯಲ್ಲಿ ಕಾಲು ಚಾಚಿ, ಹಕ್ಕಿ ಬಂದವು ನೋಡು ಎಂದು ಕರೆದರೆ, ಆಕೆ ಒಳಗೆ ಅಕ್ಕಿ ಬೇಳೆಯ ಡಬ್ಬಿಗಳನ್ನು ಅಟ್ಟದ ಮೇಲಿಡುತ್ತಿದ್ದಳು.

ಒಂದು ಬೆಳಿಗ್ಗೆ ಕಸ ಹೊಡೆಯಲು ಬಂದ ನಾಗಕ್ಕ ಪೊರಕೆ ಕೆಳಗೆ ಹಾಕಿದಳು. ತಂಬ್ರಹಳ್ಳಿಯವಳು, ಮನೆಯ ಮೇಲುಸ್ತುವಾರಿ ಅವಳದೇ.

"ಅಮ್ಮಾರ, ಗಡಿಯಮ್ಮ ಕಾಣವಲ್ಲಳು," ಎಂದಳು ಸಣ್ಣ ದನಿಯಲ್ಲಿ.

ಕಟ್ಟೆಯೂ ಇಲ್ಲ, ಕಲ್ಲೂ ಇಲ್ಲ. ಮೇಲೆ ನೀರು ತಣ್ಣಗೆ ಮಿಂಚುತ್ತಿತ್ತು. ಸುದ್ದಿ ಊರಿಗೆ ಮುಟ್ಟಿ ಹೆಂಗಸರು ಉಡಿ ಕಟ್ಟಿಕೊಂಡು ಓಡಿ ಬಂದರು. ಉಡಿ ತುಂಬಲು ತಾಯಿಯೇ ಇಲ್ಲದೆ ದಿಕ್ಕೆಟ್ಟು ನಿಂತರು. ಶಿವಯೋಗಪ್ಪ ಕುರ್ಚಿಯಿಂದ ಎದ್ದು ನಿಂತರು. ತಾವೇ ಕೂರಿಸಿದ ಕಾವಲು ಮುಳುಗಿತ್ತು. ನೀರು ಪಡಸಾಲೆಯ ತುದಿ ಏರಿ, ಒಂದೊಂದೇ ಹಾಸುಗಲ್ಲನ್ನು ನೆನೆಸುತ್ತ ಒಳಗೆ ಬರತೊಡಗಿತು. ಕುರ್ಚಿ ಹಿಂದಕ್ಕೆ ಎಳೆದರು, ಮತ್ತೆ ಎಳೆದರು. ಮನೆ ಹೋಗುತ್ತದೆಯೆಂದು ನಾಗಕ್ಕ ಹಾಸಿಗೆ ಹೊರಲು ಓಡಿದಳು.

ಅನ್ನದಾನಮ್ಮ ಹೋಗಿ ಅಲುಗಾಡುವ ಹಾಸುಗಲ್ಲಿನ ಮೇಲೆ ನಿಂತಳು. ನೀರು ಬಂದು ಅವಳ ಬೆರಳು ಮುಟ್ಟಿತು. ಬದುಕಿನಲ್ಲಿ ಮೊದಲ ಸಲ ಆಕೆ ಹಿಂದೆ ಸರಿಯಲಿಲ್ಲ. ಊರ ಹೆಂಗಸೊಬ್ಬಳ ಕೈಯಿಂದ ಉಡಿ ಇಸಿದುಕೊಂಡು, ಅಕ್ಕಿ, ಕೊಬ್ಬರಿ, ಎಲೆ ಅಡಿಕೆಯನ್ನು ಅಲ್ಲೇ, ಕಲ್ಲೇ ಇಲ್ಲದ ಜಾಗಕ್ಕೆ ಇಟ್ಟಳು.

"ಇಲ್ಲಿಗೆ ಸಾಕು ತಾಯಿ," ಎಂದಳು.

ಮಧ್ಯಾಹ್ನವಾಯಿತು. ನೀರು ಹಾಸುಗಲ್ಲಿನ ಅಂಚಿನಲ್ಲಿ ತುಸು ಹಿಂದೆ ಮುಂದೆ ಆಡುತ್ತ ಅಲ್ಲೇ ನಿಂತಿತ್ತು. ಒಣಗಿದ ಎಲೆಯೊಂದು ತೇಲಿ ಬಂದು ಅಲ್ಲೇ ತಂಗಿತು. ಅರ್ಧ ಪಡಸಾಲೆ ನೀರಿನದು, ಉಳಿದದ್ದು ಇವರದು.

ಶಿವಯೋಗಪ್ಪ ಧೋತರ ಎತ್ತಿ ಹಿಡಿದು ಪಕ್ಕಕ್ಕೆ ಬಂದರು. ಇನ್ನೂ ಬರುತ್ತದೆಯೇ ಎಂದು ಚಿಕ್ಕ ಮಗುವಿನ ಹಾಗೆ ಕೇಳಿದರು.

"ಇಲ್ರಿ. ಇಷ್ಟೇ ಅಂತ ಅವತ್ತ ಸಾಹೇಬ್ರು ಅಳದಾರ," ಎಂದಳು ಅನ್ನದಾನಮ್ಮ. ಸ್ವಲ್ಪ ತಡೆದು ಹೇಳಿದಳು: "ನಮ್ಮಪ್ಪ ಈ ಕಲ್ಲು ನೋಡಿ ತಾನ ಎದ್ದು ಹೋದ. ನೀವು ಕಲ್ಲನ್ನ ಎಬ್ಬಿಸಿದ್ರಿ."

ಬೇಸಿಗೆಯಲ್ಲಿ ನೀರು ಇಳಿದ ಮೇಲೆ ತಾಯಿಯನ್ನು ತಂದು ಇಲ್ಲೇ ನೆಡಿಸುತ್ತೇನೆ, ಇಲ್ಲಿಂದ ಮುಂದಿನ ಪಡಸಾಲೆ ಕೆಡವಿಸುತ್ತೇನೆ ಎಂದು ಶಿವಯೋಗಪ್ಪ ಅಂದರು. ಆಮೇಲೆ, ಮದುವೆಯಾಗಿ ನಲವತ್ತು ವರ್ಷದಲ್ಲಿ ಎಂದೂ ಕೇಳದ ಮಾತು ಕೇಳಿದರು.

"ನಿಮ್ಮ ಮನಿ ಎಲ್ಲಿತ್ತು?"

ಅನ್ನದಾನಮ್ಮ ಕೈಯೆತ್ತಿ ನೀರಿನ ಕಡೆ ತೋರಿಸಿದಳು. ಶಿವಯೋಗಪ್ಪ ಅತ್ತ ನೋಡಿದರು. ಇಷ್ಟು ದಿನ ಕುರ್ಚಿ ಹಾಕಿಕೊಂಡು ಚಂದ ಚಂದ ಎಂದು ನೋಡುತ್ತಿದ್ದದ್ದು ಅದೇ ಜಾಗ.