ಮಾಸ್ತರ ಮನೆಯ ಸಪ್ಪನೆ ಊಟ

ಹೀರೇಕಾಯಿ ಪಲ್ಯ ಸಾಸಿವೆ, ಕರಿಬೇವಿನ ಒಗ್ಗರಣೆಯ ವಾಸನೆ ಬೀರುತ್ತ ತಟ್ಟೆಯಲ್ಲಿ ಕೂತಿತ್ತು. ರೊಟ್ಟಿಯ ಚೂರಿನ ಜೊತೆ ಒಂದು ತುತ್ತು ಬಾಯಿಗಿಟ್ಟೆ. ಸಪ್ಪಗೆ... ಬರೀ ನೀರಿನಷ್ಟು ಸಪ್ಪಗೆ. ಹೋದ ವಾರ ಡಾಕ್ಟರು ನನ್ನ ಬಿ.ಪಿ. ನೋಡಿ, ಅಜ್ಜಿ, ಇನ್ನು ಮೇಲೆ ಉಪ್ಪಿಗೆ ನಮಸ್ಕಾರ ಹೇಳ್ರಿ ಎಂದಿದ್ದರು. ಜೊತೆಗಿದ್ದ ಮಗ ಮನೆಗೆ ಬಂದವನೇ ಎಲ್ಲರಿಗೂ ಸೇರಿಸಿ ಫರ್ಮಾನು ಹೊರಡಿಸಿದ. ಇನ್ನು ಮನೆಯಲ್ಲಿ ಒಂದೇ ಅಡುಗೆ, ಉಪ್ಪಿಲ್ಲದ್ದು, ಎಲ್ಲರ ಆರೋಗ್ಯಕ್ಕೂ ಒಳ್ಳೆಯದು. ಸೊಸೆ ಹ್ಞೂಂ ಎಂದಳು. ಒಲೆಯ ಪಕ್ಕದ ಉಪ್ಪಿನ ಭರಣಿ ಮೇಲಿನ ಕಪಾಟು ಸೇರಿತು.

ಆ ತುತ್ತು ನುಂಗುವಾಗ ಮಾಸ್ತರ ನೆನಪಾಯಿತು. ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು ಎಂದುಕೊಂಡೆ. ಮರುಗಳಿಗೆಯೇ, ಇಲ್ಲ, ಪಡುತ್ತಿರಲಿಲ್ಲ ಎನಿಸಿತು.

ಐವತ್ತರ ದಶಕದ ಕೊನೆಯಲ್ಲಿ ನಾನು ಹಳೇ ಹುಬ್ಬಳ್ಳಿಯ ಸಂದಿಗೊಂದಿಯಿಂದ ಧಾರವಾಡಕ್ಕೆ ಸೊಸೆಯಾಗಿ ಬಂದೆ. ನಮ್ಮ ಮನೆಗೂ ಮಾಸ್ತರ ಮನೆಗೂ ನಡುವೆ ಒಂದೇ ಗೋಡೆ. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಗರಗದ ಖಾದಿ, ಬರಿಗಾಲು, ನೆಟ್ಟಗಿನ ಬೆನ್ನು. ನಸುಕಿನಲ್ಲೆದ್ದು ಕೆಲಗೇರಿ ಕೆರೆಯ ತನಕ ನಡೆದು ಬಂದು, ಚಳಿಗಾಲವಿರಲಿ ಮಳೆಗಾಲವಿರಲಿ, ಬಾವಿಯ ತಣ್ಣೀರು ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರು. ಆ ಸಪ್ಪಳಕ್ಕೆ ಹಾಸಿಗೆಯಲ್ಲಿದ್ದ ನಮಗೇ ನಡುಕ ಬರುತ್ತಿತ್ತು. ಅವರ ಮನೆಯಲ್ಲಿ ಚಹಾ ಇಲ್ಲ, ಸಕ್ಕರೆ ಇಲ್ಲ, ಕರಿದ ತಿಂಡಿಯಂತೂ ಹೊಸ್ತಿಲು ದಾಟುವ ಹಾಗಿಲ್ಲ. ನಮ್ಮವರು ಚಹಾ ಹಿಡಿದು ಕಟ್ಟೆಗೆ ಬಂದಾಗ ಮಾಸ್ತರ ಕಣ್ಣಿಗೆ ಬೀಳದಂತೆ ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದರು. ಕಚೇರಿಯ ಸಾಹೇಬರಿಗೂ ಅಷ್ಟು ಹೆದರಿದವರಲ್ಲ.

ನಗುವ ಮಾತು ಬೇರೆ, ಆದರೆ ಅವರು ಢೋಂಗಿ ಮನುಷ್ಯರಲ್ಲ. ಹೇಳಿದ್ದನ್ನು ಮಾಡುತ್ತಿದ್ದರು. ಜೋಳದ ರೊಟ್ಟಿಯ ಜೊತೆ ಹಸಿ ಹಕ್ಕರಕಿ ಸೊಪ್ಪು, ಮೆಂತ್ಯ, ಮೂಲಂಗಿ, ಮೊಳಕೆ ಬರಿಸಿದ ಹೆಸರುಕಾಳು, ತಿಳಿ ಮಜ್ಜಿಗೆ, ಸಂಜೆ ಸೂರ್ಯ ಮುಳುಗುವ ಮೊದಲೇ ಊಟ. ಅವರ ಮಾತು ಕೇಳಿ ನಮ್ಮವರ ಹಳೆಯ ಎದೆಯುರಿ, ಹುಳಿತೇಗು ಹೋಯಿತು. ಓಣಿಯ ಎಷ್ಟೋ ಮನೆಗಳಲ್ಲಿ ಸಂಜೆ ಬೇಗ ಒಲೆ ಹಚ್ಚುವ ರೂಢಿ ಬಂದದ್ದು ಅವರಿಂದಲೇ.

ನಾನು ಬಂದ ಮುಂದಿನ ಯುಗಾದಿಗೆ ಅವರು ಉಪ್ಪು ಬಿಟ್ಟರು. ಬಿಟ್ಟರು ಎಂದರೆ ಮನೆಯಿಂದಲೇ ಹೊರಗೆ ಹಾಕಿದರು. ಕಾಕು, ಅಂದರೆ ಮಾಸ್ತರ ಹೆಂಡತಿ, ತವರಿನಿಂದ ತಂದಿದ್ದ ಉಪ್ಪಿನ ಭರಣಿಯನ್ನು ಮಾಸ್ತರು ಬಾವಿಕಟ್ಟೆಯ ಮೇಲೆ ತಾವೇ ತಿಕ್ಕಿ ತೊಳೆದರು. ಅಂದಿನಿಂದ ಅದರಲ್ಲಿ ಹೆಸರುಕಾಳು ನೆನೆಯತೊಡಗಿತು. ಸಂತೆಗೆ, ಕಿರಾಣಿಗೆ ಚೀಲ ಹಿಡಿದು ಹೋಗುತ್ತಿದ್ದವರೂ ಮಾಸ್ತರೇ. ಹಾಗಾಗಿ ಅವರಿಗೆ ಗೊತ್ತಿಲ್ಲದೆ ಒಂದು ಹಿಡಿ ಉಪ್ಪು ಆ ಮನೆಗೆ ಬರುವ ದಾರಿಯೇ ಇರಲಿಲ್ಲ.

ದಾರಿ ಇತ್ತು. ಅದು ನಮ್ಮ ಹಿತ್ತಲು.

ಆ ವರ್ಷದ ಮಳೆಗಾಲದಲ್ಲಿ ಒಂದು ದಿನ, ಮಾಸ್ತರು ಸಾಲೆಗೆ ಹೋದ ಮೇಲೆ, ಕಾಕು ಸೆರಗಿನೊಳಗೆ ಒಂದು ತೆಂಗಿನ ಕರಟ ಮುಚ್ಚಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಗಿಡ್ಡನೆಯ, ಚುರುಕು ಹೆಂಗಸು. ಹಣೆಯ ತುಂಬ ಕುಂಕುಮ. ಸ್ವಲ್ಪ ಉಪ್ಪು ಬೇಕಿತ್ತು ಎಂದರು. ನಾನು ಹರಳುಪ್ಪನ್ನು ಮುಷ್ಟಿಯಲ್ಲಿ ತಂದು ಅವರ ಕೈಗೇ ಕೊಡಹೋದೆ. ಬಿಸಿ ತಾಗಿದವರಂತೆ ಕೈ ಹಿಂದೆ ತೆಗೆದರು.

"ಕೈಯಾಗ ಕೊಡಬಾರದವಾ. ಜಗಳ ಆಗ್ತೈತಿ ಅಂತಾರ. ಇಲ್ಲಿ ಕೆಳಗಿಡ್ತೇನಿ, ಇದರಾಗ ಹಾಕು."

ಕರಟವನ್ನು ಮೆಟ್ಟಿಲ ಮೇಲಿಟ್ಟು ಹಾಕಿಸಿಕೊಂಡರು. ಆಮೇಲೆ ಅದೇ ರೂಢಿಯಾಯಿತು. ನಮ್ಮ ಅತ್ತೆಯವರು ದೇವರ ಕೋಣೆಯಲ್ಲಿರುವ ಹೊತ್ತು ನೋಡಿ ಬರುತ್ತಿದ್ದರು.

ನಾನು ಸುಮ್ಮನಿರುವ ಜಾತಿಯವಳಲ್ಲ, ಕೇಳಿದೆ. ಕಾಕು ಮೆಟ್ಟಿಲ ಮೇಲೆ ಕೂತು ಹೇಳಿದರು. ಮೊದಮೊದಲು ಅವರು ಖರೆಯಾಗಿಯೇ ಸಪ್ಪನೆ ಅಡುಗೆ ಮಾಡಿದ್ದರಂತೆ. ಮಾಸ್ತರು ತಟ್ಟೆಯಲ್ಲಿ ಅರ್ಧಕ್ಕರ್ಧ ಬಿಟ್ಟು ಏಳುತ್ತಿದ್ದರು. ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ, ಆದರೆ ದಿನದಿಂದ ದಿನಕ್ಕೆ ಇಳಿದುಹೋದರು, ಅಂಗಿ ಹೆಗಲಿನಲ್ಲಿ ಜೋತುಬಿತ್ತು. ಕಾಕುಗೆ ನೋಡಲಾಗಲಿಲ್ಲ. ಉಪ್ಪಿನಕಾಯಿ ಹಾಕಲು ಎಂದೋ ತಂದು ಮರೆತಿದ್ದ ಉಪ್ಪಿನ ಪೊಟ್ಟಣ ಹಳೆಯ ಡಬ್ಬಿಯಲ್ಲಿ ಸಿಕ್ಕಿತು. ಹುಳಿ ಸೊಪ್ಪಿನ ಪುಂಡಿಪಲ್ಯಕ್ಕೆ ಒಂದು ಚಿಟಿಕೆ ಹಾಕಿದರು. ಮಾಸ್ತರು ಬೆರಳು ನೆಕ್ಕಿಕೊಂಡು ಉಂಡರು.

"ಉಂಡು ಏನಂದ್ರು ಗೊತ್ತೇನು? ನೋಡು, ಈಗ ನಾಲಿಗಿ ಪಳಗ್ತು, ಕಾಯಿಪಲ್ಯದ ಖರೇ ರುಚಿ ಈಗ ತಿಳಿಯಾಕತ್ತು ಅಂದ್ರು. ನಾ ಏನ್ ಹೇಳ್ಲಿ? ನಗಬೇಕೋ ಅಳಬೇಕೋ ತಿಳೀಲಿಲ್ಲ."

ನಾನಂತೂ ಬಿದ್ದು ಬಿದ್ದು ನಕ್ಕೆ. ಕಾಕು ಕೂಡ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಆಮೇಲೆ ಕರಟ ಎತ್ತಿಕೊಂಡರು. "ನಗಬ್ಯಾಡ, ಹೇಳಿಬಿಡ್ತೇನಿ ಅವರಿಗೆ. ಸಾಲಿ ಪರೀಕ್ಷಾ ಒಂದು ಮುಗೀಲಿ," ಎಂದರು.

ಪರೀಕ್ಷೆ ಮುಗಿಯಿತು. ಅಷ್ಟರಲ್ಲಿ ಮಾಸ್ತರನ್ನು ಯಾರೋ ಭಾಷಣಕ್ಕೆ ಕರೆದರು. ನಿಸರ್ಗ ಜೀವನ, ಉಪ್ಪಿಲ್ಲದ ಊಟ, ಇದೇ ವಿಷಯ. ನನ್ನನ್ನು ನೋಡಿರಿ, ಉಪ್ಪು ಮುಟ್ಟಿಲ್ಲ, ಮೈಯಲ್ಲಿ ಒಂದು ಬೇನೆಯಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ಒಂದು ಭಾಷಣ ಇನ್ನೊಂದನ್ನು ತಂದಿತು. ರವಿವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಜನ ಬಂದು ಆ ಮನೆಯಲ್ಲಿ ಉಂಡು ಹೋಗುತ್ತಿದ್ದರು. ಕಾಕು ಪುಂಡಿಯ ಹುಳಿಯಲ್ಲಿ, ನಿಂಬೆಯ ರಸದಲ್ಲಿ, ಗುರೆಳ್ಳು ಚಟ್ನಿಹಿಂಡಿಯಲ್ಲಿ ಉಪ್ಪನ್ನು ಎಷ್ಟು ಜಾಣತನದಿಂದ ಮರೆಮಾಚುತ್ತಿದ್ದರೆಂದರೆ, ಉಂಡವರು ಉಪ್ಪಿಲ್ಲದೆಯೂ ಇಷ್ಟು ರುಚಿಯೇ ಎಂದು ತಲೆದೂಗುತ್ತಿದ್ದರು. ಜನ ನಾಲಿಗೆಯಿಂದಲ್ಲ, ಕಿವಿಯಿಂದ ಉಣ್ಣುತ್ತಿದ್ದರು ಅನ್ನಬೇಕು. ಕಾಕು ಮಾತ್ರ ಬಡಿಸುವಾಗ ತಲೆ ಎತ್ತುತ್ತಿರಲಿಲ್ಲ.

ದಸರೆ ಮುಗಿಯಲಿ, ಹೇಳಿಬಿಡ್ತೇನಿ. ಅವರ ಅಣ್ಣ ಬಂದು ಹೋಗಲಿ, ಹೇಳಿಬಿಡ್ತೇನಿ... ಕರಟ ಮೆಟ್ಟಿಲ ಮೇಲಿಟ್ಟಾಗೆಲ್ಲ ಇದೇ ಮಾತು. ಹಾಗೇ ವರ್ಷಗಳು ಹೋದವು. ಒಮ್ಮೆ ನಾನೇ, ಹೇಳಿದರೆ ಏನಾದೀತು ಕಾಕು, ಹೆಚ್ಚೆಂದರೆ ಒಂದು ಜಗಳ ಎಂದೆ. ಕಾಕು ನನ್ನನ್ನು ಏನೋ ವಿಚಿತ್ರ ನೋಡಿದಂತೆ ನೋಡಿದರು. ಆ ಮನೆಯಲ್ಲಿ ಜಗಳವೆಂಬುದೇ ಇರಲಿಲ್ಲ. ನಮ್ಮವರೂ ನಾನೂ ವಾರಕ್ಕೊಮ್ಮೆ ಪಾತ್ರೆ ಕುಕ್ಕಿ ಜಗಳಾಡಿದಾಗ ಅತ್ತೆಯವರು ಗೋಡೆಯಾಚೆ ಬೆರಳು ತೋರಿಸುತ್ತಿದ್ದರು. "ಗಂಡಾ ಹೆಂಡ್ತಿ ಅಂದ್ರ ಅವರು ನೋಡು. ಒಂದಿನಾ ದನಿ ಏರಿದ್ದು ಕೇಳಿಲ್ಲ ನಾ."

ಅರವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಕಾಕುಗೆ ವಿಷಮಜ್ವರ ಬಂತು. ಮಾಸ್ತರು ನಿಸರ್ಗ ಜೀವನ ಎಂದು ಹಟ ಮಾಡಲಿಲ್ಲ, ತಾವೇ ದವಾಖಾನೆಗೆ ಟಾಂಗಾದಲ್ಲಿ ಕೂರಿಸಿಕೊಂಡು ಹೋದರು. ಉಳಿಯಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಕಾಕುಗೆ ಮಾತು ಸರಿಯಾಗಿ ಬರುತ್ತಿರಲಿಲ್ಲ. ಮಾಸ್ತರ ಕಡೆ ನೋಡಿ ತುಟಿ ಅಲುಗಿಸಿದರು. ಅವರು ನೀರು ಬೇಕೇನೋ ಎಂದು ಚಮಚೆಯಿಂದ ನೀರು ಹಾಕಿದರು. ನೀರೇ ಬೇಕಿತ್ತೋ ಏನೋ... ನನಗೆ ಇವತ್ತಿಗೂ ಹಾಗೆ ಅನ್ನಿಸುವುದಿಲ್ಲ.

ಮಕ್ಕಳಿಲ್ಲದ ಮನೆ. ಮಾಸ್ತರ ಊಟ ನಮ್ಮ ಮನೆಯಿಂದ ಹೋಗತೊಡಗಿತು. ಅತ್ತೆಯವರು ಮುಂದೆ ನಿಂತು, ದೊಡ್ಡವರ ವ್ರತ ಕೆಡಬಾರದು ಎಂದು ಒಂದು ಹರಳು ಉಪ್ಪು ಬೀಳದಂತೆ ಬೇರೆ ಪಾತ್ರೆಯಲ್ಲೇ ಬೇಯಿಸುತ್ತಿದ್ದರು. ತಟ್ಟೆ ಅರ್ಧ ಹಾಗೇ ವಾಪಸು ಬರುತ್ತಿತ್ತು. ಬದನೆಕಾಯಿಯಲ್ಲಿ ಜೀವವೇ ಇಲ್ಲ, ಈ ಸರಕಾರಿ ಗೊಬ್ಬರ ಬಂದು ಮಣ್ಣೇ ಕೆಟ್ಟಿತು ಎಂದು ಮಾಸ್ತರು ಬೇಸರಪಟ್ಟರು. ಕೆಲಗೇರಿಯ ತೋಟದಿಂದ ತಂದು ನೋಡಿದರು, ಗರಗಕ್ಕೆ ಹೋಗಿ ಬುಟ್ಟಿಯಲ್ಲಿ ಹೊತ್ತು ತಂದರು. ಕೊನೆಗೆ, ಹೆಂಡತಿ ಬಳಸುತ್ತಿದ್ದ ಮಣ್ಣಿನ ಗಡಿಗೆಯಲ್ಲಿ, ಅದೇ ಒಲೆಯ ಮೇಲೆ ತಾವೇ ಬೇಯಿಸಲು ಕೂತರು. ಮೊದಲಾಗಿದ್ದರೆ ನಾನು ನಗುತ್ತಿದ್ದೆ. ಗೋಡೆಯಾಚೆಯಿಂದ ಹೊಗೆ ಬಂದಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಹೊಗೆಗಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಅತ್ತೆಯವರು ಪುರಾಣ ಕೇಳಲು ಹೋಗಿದ್ದರು. ಹಿತ್ತಲ ಬಾಗಿಲಲ್ಲಿ ನೆರಳು ಕಂಡಿತು. ಮಾಸ್ತರು. ಅವರು ಹಿತ್ತಲ ಕಡೆ ಎಂದೂ ಬಂದವರಲ್ಲ. ಕೈಯಲ್ಲಿ ಕಾಕುನ ಕರಟ. ಒಲೆಯ ಹಿಂದಿನ ಗೂಡಿನಲ್ಲಿ, ಬೆರಣಿಯ ಮರೆಯಲ್ಲಿತ್ತಂತೆ. ಮಳೆಗಾಲದ ತಂಪಿಗೆ ಉಪ್ಪು ನೀರೊಡೆದು ಗೋಡೆಯ ಮಣ್ಣು ಬೆಳ್ಳಗೆ ಹೊಪ್ಪಳಿಕೆ ಎದ್ದಿತ್ತು. ಅದೇನೆಂದು ನೋಡಹೋದಾಗ ಕೈಗೆ ಸಿಕ್ಕಿತಂತೆ.

"ತಂಗೀ, ಇದು ನಿಮ್ಮ ಮನಿ ಉಪ್ಪೇನು?"

"ಹೌದ್ರಿ ಮಾಸ್ತರ."

"ಎಂದಿನಿಂದ?"

"ನೀವು ಉಪ್ಪು ಬಿಟ್ಟ ವರ್ಷದ ಮಳಿಗಾಲದಿಂದ್ರಿ."

ಎಲ್ಲ ಹೇಳಿಬಿಟ್ಟೆ. ಅವರು ಅರ್ಧ ಊಟ ಬಿಟ್ಟು ಏಳುತ್ತಿದ್ದದ್ದು, ಪುಂಡಿಪಲ್ಯ, ನಾಲಿಗೆ ಪಳಗಿತು ಎಂದದ್ದು, ಹೇಳಿಬಿಡ್ತೇನಿ ಹೇಳಿಬಿಡ್ತೇನಿ ಎಂದು ಕಾಕು ಹೇಳದೇ ಹೋದದ್ದು. ಸಿಡಿದೇಳುತ್ತಾರೆ ಎಂದುಕೊಂಡಿದ್ದೆ. ಊರ ತುಂಬ ಹೇಳಿಕೊಂಡು ಬಂದ ಮಾತು ಒಂದು ಕರಟದಲ್ಲಿ ಕರಗಿಹೋಗಿತ್ತಲ್ಲ. ಆದರೆ ಅವರು ಮೆಟ್ಟಿಲ ಮೇಲೆ, ಕಾಕು ಕೂರುತ್ತಿದ್ದ ಜಾಗದಲ್ಲೇ ಕೂತರು.

"ಆಕೀಗೆ ನನ್ನ ಅಂಜಿಕಿ ಇತ್ತೇನು?"

ನಾನು, ಅಂಜಿಕಿ ಅಲ್ರಿ, ಎಂದೆ.

"ಹೇಳಿದ್ರ ನಾ ಸಿಟ್ಟಾಗ್ತಿದ್ದೆ. ಖರೇನ ಸಿಟ್ಟಾಗ್ತಿದ್ದೆ," ಎಂದರು ತಮಗೆ ತಾವೇ. ಕರಟವನ್ನು ಕೈಯಲ್ಲೇ ತಿರುಗಿಸಿ ನೋಡುತ್ತ, "ಒಂದು ಹಿಡಿ ಉಪ್ಪು ಇಡಾಕ ಆಕೀಗೆ ತನ್ನ ಅಡಗಿಮನ್ಯಾಗ ಜಾಗ ಇರಲಿಲ್ಲ ನೋಡು," ಎಂದರು.

ಆಮೇಲೆ ಎದ್ದು ಕರಟವನ್ನು ನನ್ನತ್ತ ಚಾಚಿದರು. ನಾನು ಉಪ್ಪು ತಂದೆ. ರೂಢಿಯಂತೆ ಬಾಯಿಂದ ಮಾತು ಬಂತು.

"ಕೆಳಗ ಇಡ್ರಿ ಮಾಸ್ತರ. ಉಪ್ಪು ಕೈಯಾಗ ಕೊಡಬಾರದು, ಜಗಳ ಆಗ್ತೈತಿ."

"ಆಗಬೇಕಿತ್ತವಾ," ಎಂದರು. "ನಮ್ಮ ಮನ್ಯಾಗ ಒಮ್ಮೆ ಆದ್ರೂ ಜಗಳ ಆಗಬೇಕಿತ್ತು."

ಕರಟ ಕೆಳಗಿಡಲೇ ಇಲ್ಲ. ನಾನು ಅವರ ಕೈಯಲ್ಲಿದ್ದಂತೆಯೇ ಹಾಕಿದೆ.

ಮರುದಿನದಿಂದ ಮಾಸ್ತರು ಆ ಕರಟ ಹಿಡಿದು ಬರತೊಡಗಿದರು. ಹಿತ್ತಲಿಗಲ್ಲ, ಮುಂದಿನ ಕಟ್ಟೆಗೆ, ಓಣಿಯ ಜನರೆಲ್ಲ ಓಡಾಡುವ ಹೊತ್ತಿಗೆ. ಅತ್ತೆಯವರು ಬೆರಗಾಗಿ, ಅಂಗಡಿಯಿಂದ ಒಂದು ಸೇರು ತರಿಸಿಕೊಡುತ್ತೇವೆ ಎಂದರು. ಬೇಡ, ಆಕಿ ಇಲ್ಲೇ ಇಸಗೋತಿದ್ಲು ಎಂದು ಮಾಸ್ತರು ಅಷ್ಟೇ ಹೇಳಿದರು. ಒಂದು ಬೆಳಿಗ್ಗೆ ಭಾಷಣಕ್ಕೆ ಕರೆಯಲು ಹುಬ್ಬಳ್ಳಿಯಿಂದ ಬಂದವರು, ಅವರು ನಮ್ಮ ಕಟ್ಟೆಯ ಮೇಲೆ ಉಪ್ಪಿಗಾಗಿ ಕಾದು ಕೂತದ್ದನ್ನು ಕಂಡು ಗಲಿಬಿಲಿಗೊಂಡರು. ಮಾಸ್ತರು ಎದ್ದು ಕೈಮುಗಿದರು.

"ನಮ್ಮ ಮನ್ಯಾಗ ಉಪ್ಪು ಇತ್ರಿ. ನನಗ ಗೊತ್ತಿರಲಿಲ್ಲ."

ಬಂದವರಿಗೆ ಏನೂ ಅರ್ಥವಾಗಲಿಲ್ಲ. ಮಾಸ್ತರು ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ. ನಡಿಗೆ, ತಣ್ಣೀರು, ಹಸಿ ಸೊಪ್ಪು ಎಲ್ಲ ಮೊದಲಿನಂತೆಯೇ ಇತ್ತು. ಬೇರೆಯವರು ಏನು ಉಣ್ಣಬೇಕು ಎಂದು ಮಾತ್ರ ಹೇಳಲಿಲ್ಲ. ನಮ್ಮವರು ಈಗ ಚಹಾವನ್ನು ಧೈರ್ಯವಾಗಿ ಕುಡಿಯಬಹುದಿತ್ತು, ಆದರೂ ಗೋಡೆಗೆ ಮುಖ ಮಾಡಿಯೇ ಕುಡಿದರು. ಕೆಲವು ವರ್ಷಗಳಲ್ಲಿ ನಮಗೆ ಬೆಳಗಾವಿಗೆ ಬದಲಿಯಾಯಿತು. ಮಾಸ್ತರು ಹೋದ ಸುದ್ದಿ ಅಲ್ಲಿಗೆ ತಡವಾಗಿ ಬಂತು. ಮುಂದೆ ಯಾರಿಗೆ ಕೇಳಿದರೂ ಆ ಕರಟ ಏನಾಯಿತೆಂದು ಗೊತ್ತಿರಲಿಲ್ಲ. ಈಗ ಎರಡೂ ಮನೆಗಳಿಲ್ಲ, ನಡುವಿನ ಗೋಡೆಯೂ ಇಲ್ಲ.

ಅವರು ಆಗ ಹೇಳುತ್ತಿದ್ದುದನ್ನೇ ಇವತ್ತು ಡಾಕ್ಟರು ಹೇಳುತ್ತಿದ್ದಾರೆ. ಮಾಸ್ತರು ತಪ್ಪು ಹೇಳಿರಲಿಲ್ಲ. ಹೆಂಡತಿಯನ್ನು ಪ್ರೀತಿಸದವರೂ ಅಲ್ಲ. ಹಾಗಿದ್ದೂ ಅಷ್ಟು ವರ್ಷ ಒಂದೇ ಗಡಿಗೆಯ ಅನ್ನ ಉಂಡ ಇಬ್ಬರು ಒಂದು ಚಿಟಿಕೆ ಉಪ್ಪಿನ ಮಾತು ಆಡಲಾರದೆ ಹೋದರಲ್ಲ.

ಹೀರೇಕಾಯಿ ಪಲ್ಯ ಮುಗಿಸಿ ತಟ್ಟೆ ಇಡಲು ಅಡುಗೆಮನೆಗೆ ಹೋದೆ. ಸೊಸೆ ನನಗೆ ಬೆನ್ನು ಮಾಡಿ ನಿಂತು, ಉಪ್ಪಿನಕಾಯಿಯ ರಸವನ್ನು ಚಮಚೆಯಿಂದ ತನ್ನ ಪಲ್ಯಕ್ಕೆ ಕಲಸಿಕೊಳ್ಳುತ್ತಿದ್ದಳು. ನನ್ನ ಸಪ್ಪಳ ಕೇಳಿ ಬಾಟಲಿಯ ಮುಚ್ಚಳ ಬಡಬಡ ತಿರುವಿದಳು. ಮುಖ ಕೆಂಪಾಗಿತ್ತು.

"ಬೇನಿ ನಂದು. ಸಪ್ಪನ್ನ ಊಟಾನೂ ನಂದ. ಆ ಭರಣಿ ಇಳಸು," ಎಂದೆ.

ಅವಳು ಸ್ಟೂಲು ಹತ್ತಿ ಭರಣಿ ಇಳಿಸಿದಳು. "ಅವರು ಬೈತಾರೇನೋರಿ ಅತ್ತಿ."

"ಬೈಲಿ. ನೀನೂ ಬೈ."

ಒಂದು ಚಿಟಿಕೆ ತೆಗೆದು ಅವಳತ್ತ ಕೈ ಚಾಚಿದೆ. ಅವಳೂ ಈ ಕಡೆಯ ಹುಡುಗಿಯೇ. ಎರಡು ಹೆಜ್ಜೆ ಹಿಂದೆ ಸರಿದಳು.

"ಅತ್ತೀ, ಉಪ್ಪು ಕೈಯಾಗ ಕೊಡಬಾರದ್ರಿ... ಜಗಳ ಆಗ್ತೈತಿ."

"ಆಗ್ಲಿ, ಹಿಡಿ," ಎಂದೆ.

ಅವಳು ಅಂಗೈ ಚಾಚಿದಳು.